ಈ ರಾತ್ರಿ ಮಗು ಎಲ್ಲಿ ಮಲಗಬೇಕು?

ಹಿಂದಿನ ಸಂಚಿಕೆಯಲ್ಲಿ ಬಾಲಮಂದಿರಗಳ, ಅಂದರೆ ಆಸರೆ ಬೇಕಾದ ಮಕ್ಕಳನ್ನು ಇರಿಸುವ ಸರ್ಕಾರಿ ವಸತಿಗೃಹಗಳ ಬಗ್ಗೆ ಬರೆದಿದ್ದ ಉತ್ತರವನ್ನು ಓದಿ ಮಂಡ್ಯ, ಮೈಸೂರು ಜಿಲ್ಲೆಗಳ ಅನೇಕರು ಪತ್ರ ಬರೆದಿದ್ದಾರೆ. ಬರೆದವರು ಬೇರೆ ಬೇರೆಯಾದರೂ ಪ್ರಶ್ನೆಯ ಬೇರು ಒಂದೇ. ಒಂದು ಮನೆಯನ್ನು ನೋಡಿ, ಅಲ್ಲಿ ಮಗು ಇರಬಹುದು ಅಥವಾ ಇರಬಾರದು ಎಂದು ಯಾವ ಆಧಾರದ ಮೇಲೆ ಹೇಳಬೇಕು? ಆದ್ದರಿಂದ ಈ ಬಾರಿ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಬರೆದವರ ಹೆಸರನ್ನಾಗಲಿ ಊರನ್ನಾಗಲಿ ಕೊಟ್ಟಿಲ್ಲ. ಮಕ್ಕಳ ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದನ್ನು ಕಡ್ಡಾಯ ಮಾಡಿದೆ. ಆ ಕಲಂ ಇಲ್ಲದಿದ್ದರೂ ನಾನು ಹಾಗೆಯೇ ಮಾಡುತ್ತಿದ್ದೆ.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಒಂದು ಶಾಲೆಯ ಮುಖ್ಯಶಿಕ್ಷಕರು ಕೊಟ್ಟ ಮಾಹಿತಿಯ ಮೇಲೆ ಒಂದು ಮನೆಗೆ ಭೇಟಿ ಕೊಟ್ಟೆ. ತಗಡಿನ ಚಾವಣಿಯ ಒಂದೇ ಕೋಣೆ, ಶೌಚಾಲಯವಿಲ್ಲ. ತಾಯಿ ನಾಟಿ, ಕಳೆ, ಕಬ್ಬು ಎಂದು ಬೆಳಿಗ್ಗೆ ಆರಕ್ಕೇ ಕೂಲಿಗೆ ಹೊರಡುತ್ತಾರೆ. ತಂದೆಗೆ ಲಾರಿಗೆ ಲೋಡು ತುಂಬುವ ಕೆಲಸ, ಜೊತೆಗೆ ಕುಡಿತ. ಮೂವರು ಮಕ್ಕಳಲ್ಲಿ ಒಂಬತ್ತು ವರ್ಷದ ಹಿರಿಯ ಮಗಳು ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳಲು ವಾರಕ್ಕೆ ಎರಡು ಮೂರು ದಿನ ಶಾಲೆ ತಪ್ಪಿಸುತ್ತಾಳೆ. ಸಂಘದ ಸಾಲವೂ ಇದೆ. “ಬಾಲಮಂದಿರಕ್ಕೆ ಸೇರ್ಸ್‌ಬುಡಿ, ಮೂರು ಹೊತ್ತು ಊಟನಾದ್ರೂ ಸಿಕ್ತದೆ” ಎಂದು ಊರಿನ ಹಿರಿಯರು ಹೇಳುತ್ತಾರೆ. ತಾಯಿ ಕಾಲಿಗೆ ಬಿದ್ದು ಅತ್ತರು. ಮಾತಿನ ನಡುವೆ, ಹೋದ ತಿಂಗಳು ಜಗಳದಲ್ಲಿ ಗಂಡ ಕುಡುಗೋಲು ಬೀಸಿದಾಗ ಅಡ್ಡ ಬಂದ ಮಗಳ ಕೈಗೆ ಗಾಯವಾಯಿತೆಂದೂ, ಮನೆಯ ಹಿಂದಿನ ನಾಲೆಯ ಏರಿಯ ತನಕ ಚಿಕ್ಕ ಮಗು ಒಮ್ಮೆ ಹೋಗಿಬಿಟ್ಟಿತ್ತೆಂದೂ ಹೇಳಿದರು. ವರದಿಯಲ್ಲಿ ಏನು ಶಿಫಾರಸು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಣ್ಣದ ಪೆನ್ಸಿಲ್ ಹಿಡಿದು ಓದಿದೆ. ಮಗುವಿಗೆ ಇಂದೋ ನಾಳೆಯೋ ಪೆಟ್ಟಾಗಬಹುದಾದ ಸಂಗತಿಗೆ ಕೆಂಪು, ಮನೆಯಲ್ಲಿ ಇಲ್ಲದಿರುವ ಸಂಗತಿಗೆ ನೀಲಿ. ಹೊಸಬರಿಗೆ ತರಬೇತಿ ಕೊಡುವಾಗಲೂ ಇದನ್ನೇ ಮಾಡಿಸುತ್ತೇನೆ. ತಗಡಿನ ಚಾವಣಿ ನೀಲಿ, ಸಾಲ ನೀಲಿ, ಶಾಲೆ ತಪ್ಪುವುದೂ ನೀಲಿ. ಮುಖ್ಯಶಿಕ್ಷಕರು ಮತ್ತು ಊರ ಹಿರಿಯರು ಎತ್ತಿ ಹೇಳಿದ್ದೆಲ್ಲ ನೀಲಿಯೇ. ಕೆಂಪು ಗೆರೆ ಬಿದ್ದದ್ದು ಎರಡೇ ಕಡೆ, ಕುಡುಗೋಲಿಗೆ ಮತ್ತು ನಾಲೆಗೆ. ಅವೆರಡನ್ನೂ ನೀವು ‘ಮಾತಿನ ನಡುವೆ’ ಎಂದು ಪತ್ರದ ಕೊನೆಗೆ ತಳ್ಳಿದ್ದೀರಿ. ವರದಿಯಲ್ಲಿ ಅವು ಮೊದಲ ಪುಟಕ್ಕೆ ಬರಬೇಕು. (ಶೌಚಾಲಯ ಯಾವ ಬಣ್ಣ ಎಂಬ ವಾದ ತರಬೇತಿಯಲ್ಲಿ ಪ್ರತಿ ಸಲವೂ ಏಳುತ್ತದೆ. ಹದಿಮೂರು ವರ್ಷದ ಹುಡುಗಿ ಕತ್ತಲಾದ ಮೇಲೆ ಒಬ್ಬಳೇ ಕಬ್ಬಿನ ಗದ್ದೆಯ ಕಡೆಗೆ ಹೋಗಬೇಕಾದ ಮನೆಯಲ್ಲಿ ಅದು ಕೆಂಪು; ಆ ಗದ್ದೆಯಲ್ಲಿ ಚಿರತೆಯ ಸುದ್ದಿಯಿದ್ದರಂತೂ ಕೇಳುವುದೇ ಬೇಡ.)

ಸುರಕ್ಷತೆಯನ್ನು ಅಳೆಯುವುದೂ ಅಗತ್ಯವನ್ನು ಅಳೆಯುವುದೂ ಎರಡು ಬೇರೆ ಕೆಲಸಗಳು. ಮೊದಲನೆಯದು ಈ ರಾತ್ರಿಯ ಪ್ರಶ್ನೆ, ಎರಡನೆಯದು ಮುಂದಿನ ಆರು ತಿಂಗಳ ಪ್ರಶ್ನೆ. ಒಂದೇ ಭೇಟಿಯಲ್ಲಿ, ಒಂದೇ ನಮೂನೆಯಲ್ಲಿ ಎರಡನ್ನೂ ತುಂಬಿಸಬೇಕಾದ್ದರಿಂದ ನಮ್ಮ ಕಾರ್ಯಕರ್ತರು ಅವನ್ನು ಕಲಸಿಬಿಡುತ್ತಾರೆ, ಮತ್ತು ಕಲಸಿದಾಗ ಎರಡು ರೀತಿಯ ಅನ್ಯಾಯವಾಗುತ್ತದೆ: ಹಿಟ್ಟಿನ ಡಬ್ಬಿ ಖಾಲಿ ಎಂಬ ಕಾರಣಕ್ಕೆ ತಾಯಿಯಿಂದ ಮಗುವನ್ನು ಬೇರ್ಪಡಿಸುತ್ತೇವೆ, ಡಬ್ಬಿ ತುಂಬಿದೆ ಎಂಬ ಕಾರಣಕ್ಕೆ ಹೊಡೆಯುವವನ ಕೈಗೆ ಮಗುವನ್ನು ಒಪ್ಪಿಸಿ ಬರುತ್ತೇವೆ. ಹೆತ್ತವರ ಬಳಿ ಇರಲಾಗದ ಮಕ್ಕಳ ಪರ್ಯಾಯ ಪಾಲನೆಗಾಗಿ ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯು ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ಹೆತ್ತವರಿಂದ ಬಿಡಿಸಬಾರದೆಂದು ಹೇಳುತ್ತದೆ. ನಮ್ಮ 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಂ ಕೂಡ ಮಗುವಿನ ಪಾಲನೆಯ ಮೊದಲ ಹೊಣೆಯನ್ನು ಕುಟುಂಬಕ್ಕೆ ವಹಿಸಿ, ಸಂಸ್ಥೆಯಲ್ಲಿಡುವುದನ್ನು ಕಟ್ಟಕಡೆಯ ಉಪಾಯವೆಂದು ಕರೆದಿದೆ. ಅದೇ ಕಲಂ ಸುರಕ್ಷತೆಯನ್ನೂ ಒಂದು ತತ್ತ್ವವಾಗಿ ಹೇಳಿದೆ ಎಂಬುದನ್ನು ಮಾತ್ರ ಬಡವರ ಮೇಲಿನ ಕನಿಕರದಲ್ಲಿ ನಾವು ಮರೆಯಬಾರದು.

ಈಗ ನಿಮ್ಮ ಮನೆಗೆ ಬರೋಣ. ಈ ರಾತ್ರಿಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಹಿರಿಯ ಮಗಳೊಂದಿಗೆ ಮಾತನಾಡಬೇಕು, ತಂದೆತಾಯಿ ಇಬ್ಬರೂ ಇಲ್ಲದ ಕಡೆ. ಶಾಲೆಯ ಜಗುಲಿ ಸಾಕು. “ಅಪ್ಪ ಹೊಡೀತಾರಾ?” ಎಂದು ಕೇಳಿದರೆ ಮಗು ನಿಮ್ಮ ಮುಖ ನೋಡಿ, ನಿಮಗೆ ಯಾವ ಉತ್ತರ ಬೇಕೆಂದು ಊಹಿಸಿ ಹೇಳುತ್ತದೆ. “ನಿನ್ನೆ ಶಾಲೆಯಿಂದ ಬಂದ ಮೇಲೆ ಮಲಗೋ ತನಕ ಏನೇನಾಯ್ತು, ಒಂದೊಂದಾಗಿ ಹೇಳು” ಎಂದು ಕೇಳಿ. ಹಿಂದೊಮ್ಮೆ ನಾಗಮಂಗಲದ ಕಡೆಯ ಒಬ್ಬ ಹುಡುಗ ಇಂಥದೇ ಪ್ರಶ್ನೆಗೆ, “ಅಪ್ಪನ ಗಾಡಿ ಸದ್ದು ಕೇಳಿದ್ರೆ ನಾವು ಹಿತ್ಲಿಗೋಗಿ ಮೆದೆ ಹಿಂದೆ ಕುಂತ್ಕತೀವಿ” ಎಂದು ಏನೂ ವಿಶೇಷವಿಲ್ಲದ ಹಾಗೆ ಹೇಳಿದ್ದ. ಆ ಒಂದು ವಾಕ್ಯದಲ್ಲಿ ಅಪಾಯ ಎಷ್ಟು ನಿತ್ಯದ್ದು ಎಂಬುದೂ ಇತ್ತು, ಮಕ್ಕಳು ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತಿರುವ ಬಗೆಯೂ ಇತ್ತು.

ನಂತರ ಗಾಯವನ್ನು ನೋಡಿ. ಓಡಾಡುವ ಮಕ್ಕಳಿಗೆ ಮೊಣಕಾಲು, ಮೊಣಕೈ, ಹಣೆಯಲ್ಲಿ ತರಚಿದ ಗುರುತು ಇರುವುದು ಸಹಜ. ಕಿವಿ, ಕೆನ್ನೆ, ಕುತ್ತಿಗೆ, ಬೆನ್ನು, ತೊಡೆಯ ಒಳಭಾಗದ ಕಂದುಗಟ್ಟಿದ ಗುರುತು ಹಾಗಲ್ಲ. ಇನ್ನೂ ನಡೆಯಲು ಕಲಿಯದ ಕೂಸಿನ ಮೈಮೇಲೆ ಕಂದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜಗಳ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ, ಆಯುಧ ಬಂದದ್ದು ಇದೇ ಮೊದಲೇ, ತಂದೆ ಕೊಲ್ಲುವ ಮಾತಾಡಿದ್ದಾನೆಯೇ, ತಾಯಿ ಮಕ್ಕಳೊಂದಿಗೆ ಸಾಯುವ ಮಾತಾಡಿದ್ದಾಳೆಯೇ ಎಂಬುದನ್ನು ಬಾಯಿಬಿಟ್ಟು ಕೇಳಿ. ಕೊನೆಯ ಪ್ರಶ್ನೆಯನ್ನು ಕೇಳಲು ನಮ್ಮವರು ಹಿಂಜರಿಯುತ್ತಾರೆ. ಕೇಳಿದ್ದರಿಂದ ಯಾರೂ ಸಾಯುವುದಿಲ್ಲ.

ಇವೆಲ್ಲದರ ಎದುರು ತೂಗಬೇಕಾದ್ದು ಒಂದೇ ಸಂಗತಿ: ಅಪಾಯಕ್ಕೂ ಮಗುವಿಗೂ ನಡುವೆ ಯಾರು ನಿಲ್ಲುತ್ತಾರೆ? ನಿಮ್ಮ ಪತ್ರದ ಮನೆಯಲ್ಲಿ ಸದ್ಯಕ್ಕೆ ನಿಂತಿರುವವಳು ಒಂಬತ್ತು ವರ್ಷದ ಹುಡುಗಿ. ಇದು ಬದಲಾಗಲೇಬೇಕು. ಅಜ್ಜಿ, ಸೋದರಮಾವ, ಎದುರು ಮನೆಯವರು, ಯಾರಿದ್ದಾರೆ ನೋಡಿ. ಸಿಕ್ಕರೆ ಅಲ್ಲೇ ಕೂತು ಕಾಗದದ ಮೇಲೆ ಬರೆಯಿರಿ: ತಂದೆ ಕುಡಿದು ಬಂದ ರಾತ್ರಿ ಮೂವರೂ ಅಜ್ಜಿಯ ಮನೆಯಲ್ಲಿ ಮಲಗುತ್ತಾರೆ, ಕರೆದೊಯ್ಯುವವರು ಮಾವ, ಅವರ ಫೋನ್ ನಂಬರ್ ಇದು, ಕುಡುಗೋಲು ಮಚ್ಚುಗಳು ಅವರ ಮನೆಯಲ್ಲಿರುತ್ತವೆ, ಆಶಾ ಕಾರ್ಯಕರ್ತೆ ವಾರಕ್ಕೆರಡು ಸಲ ಬಂದು ನೋಡುತ್ತಾರೆ, ಕೈಮೀರಿದರೆ 112 (ತುರ್ತು ನೆರವು) ಅಥವಾ 1098ಕ್ಕೆ (ಮಕ್ಕಳ ಸಹಾಯವಾಣಿ) ಕರೆ ಮಾಡುವವರು ಇವರು. ಒಂದೊಂದು ಸಾಲಿನ ಮುಂದೆಯೂ ಒಬ್ಬ ವ್ಯಕ್ತಿಯ ಹೆಸರು, ಆ ವ್ಯಕ್ತಿಯ ಒಪ್ಪಿಗೆ ಇರಬೇಕು. ತಂದೆಯಿಂದ ದೇವರ ಮುಂದೆ ಕರ್ಪೂರ ಹಚ್ಚಿಸಿ “ಇನ್ನು ಕುಡಿಯೋದಿಲ್ಲ” ಎಂದು ಆಣೆ ಮಾಡಿಸಿ, ಅದನ್ನು ‘ಕುಟುಂಬಕ್ಕೆ ಆಪ್ತಸಮಾಲೋಚನೆ ನೀಡಲಾಯಿತು’ ಎಂದು ಬರೆದ ವರದಿಗಳನ್ನು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಆಣೆಯನ್ನು ನಂಬಿ ಮಗುವನ್ನು ಮಲಗಿಸಲಾಗದು.

ಕಾಗದದ ಮೇಲೆ ಹೀಗೆ ಬರೆಯಲು ಯಾರೂ ಸಿಗದಿದ್ದರೆ, ಅಥವಾ ಬರೆದ ಮೇಲೂ ನಿಮ್ಮ ಮನಸ್ಸು ಒಪ್ಪದಿದ್ದರೆ, ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಅಧಿಕಾರವಿರುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಕ್ಕಳನ್ನು ಹಾಜರುಪಡಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ. ಅಲ್ಲಿ ನೆನಪಿಡಬೇಕಾದ ಇನ್ನೊಂದು ದಾರಿಯಿದೆ. ಮನೆಯಿಂದ ಹೊರಗೆ ಹೋಗಬೇಕಾದವರು ಮಕ್ಕಳೇ ಆಗಬೇಕೆಂದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾಯಿ ರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶವನ್ನೂ, ವಾಸದ ಹಕ್ಕಿನ ಆದೇಶವನ್ನೂ ಪಡೆಯಬಹುದು. ಹೊಡೆಯುವವನನ್ನು ಮನೆಯಿಂದ ದೂರವಿಡುವ ಅಧಿಕಾರ ಆ ನ್ಯಾಯಾಲಯಕ್ಕಿದೆ. 181 ಮಹಿಳಾ ಸಹಾಯವಾಣಿಗೂ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ‘ಸಖಿ’ ಕೇಂದ್ರಕ್ಕೂ ಅವರನ್ನು ನೀವೇ ಜೊತೆಯಾಗಿ ಕರೆದೊಯ್ದು ಪರಿಚಯಿಸಿ. ನಂಬರ್ ಬರೆದುಕೊಟ್ಟು ಬಂದರೆ ಆ ಚೀಟಿ ಸೆರಗಿನ ಗಂಟಿನಲ್ಲೇ ಉಳಿಯುತ್ತದೆ.

ನಾಲೆಯ ವಿಷಯ ಸಣ್ಣದೆಂದು ಬಿಡಬೇಡಿ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬದುಕು ಕಟ್ಟಿಕೊಂಡಿರುವ ಜಿಲ್ಲೆಯಲ್ಲಿ ನಾಲೆಯ ಪಕ್ಕದ ಮನೆ ಎಂದರೆ ಅಲ್ಲಿ ಎರಡು ವರ್ಷದ ಮಗುವನ್ನು ದೊಡ್ಡವರೊಬ್ಬರು ಕಣ್ಣಳತೆಯಲ್ಲಿ ಇಟ್ಟುಕೊಂಡಿರಲೇಬೇಕು. ಹಿತ್ತಲಿಗೆ ಬೇಲಿ, ಹೊರಗಿನಿಂದ ಹಾಕಿಕೊಳ್ಳುವ ಅಗುಳಿ, ಇವು ಹೆಚ್ಚು ಖರ್ಚಿಲ್ಲದ ಕೆಲಸ. ಅಂಗನವಾಡಿಯ ಶಾಲಾಪೂರ್ವ ಕಲಿಕೆಗೆ ಮೂರು ವರ್ಷ ತುಂಬಬೇಕು. ಎರಡರ ಮಗುವಿಗೆ, ಪಂಚಾಯಿತಿಯಲ್ಲಿ ‘ಕೂಸಿನ ಮನೆ’ (ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ) ನಡೆಯುತ್ತಿದ್ದರೆ, ಅಲ್ಲಿ ಸೇರಿಸುವುದು ಸರಿ. ಈ ಒಂದು ವ್ಯವಸ್ಥೆಯಿಂದ ನಾಲೆಯ ಕೆಂಪು ಅಳಿಯುತ್ತದೆ, ಅಕ್ಕನ ಶಾಲೆಯ ನೀಲಿಯೂ ಅಳಿಯುತ್ತದೆ.

ಇಷ್ಟಾದ ಮೇಲೆ ಅಗತ್ಯಗಳ ಕಡೆಗೆ ತಿರುಗಿ. ಇಲ್ಲಿ ನಮ್ಮ ಇಲಾಖೆಯವರ ಒಂದು ಹಳೆಯ ಚಾಳಿಯಿದೆ: ಕೈಯಲ್ಲಿ ಯಾವ ಯೋಜನೆಯ ಅರ್ಜಿ ಇದೆಯೋ ಅದೇ ಕುಟುಂಬದ ಅಗತ್ಯ ಎಂದು ಬರೆಯುವುದು. ಮೊದಲು ತಾಯಿಯನ್ನು ಕೇಳಿ, ಅವರ ಲೆಕ್ಕದಲ್ಲಿ ಯಾವುದು ಮೊದಲು ಎಂದು. ಸಾಲದ ಕಂತು ವಾರದ ಯಾವ ದಿನ ಎಂದೂ ಕೇಳಿ. ಕಂತಿನ ಹಿಂದಿನ ರಾತ್ರಿಯೇ ಜಗಳ ನಡೆಯುವ ಮನೆಗಳು ಮಂಡ್ಯದ ಹಳ್ಳಿಗಳಲ್ಲಿ ನನಗೆ ಬಹಳ ಸಿಕ್ಕಿವೆ, ಅಂಥ ಕಡೆ ಸಾಲವೂ ಮಗುವಿನ ಸುರಕ್ಷತೆಯ ಪ್ರಶ್ನೆಯೇ ಆಗುತ್ತದೆ. ವಸೂಲಿಗೆ ಬರುವವರು ಮನೆ ಬಾಗಿಲಲ್ಲಿ ಬೆದರಿಸಿದರೆ ಪೊಲೀಸರಿಗೆ ದೂರು ಕೊಡಲು ಈಗ 2025ರಲ್ಲಿ ಬಂದ ಕಿರುಸಾಲ ಕಾನೂನಿನ ಬಲವಿದೆ. ತಂದೆಯ ಕುಡಿತಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಚಿಕಿತ್ಸಾಲಯ, ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಫೋನಿನಲ್ಲೇ ಮಾತಾಡುವುದಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿಮಾನಸ್ ಇವೆ. ಕುಡಿತ ಬಿಡಿಸುವುದು ಒಂದು ಭೇಟಿಯ ಕೆಲಸವಲ್ಲ; ಬಿಟ್ಟವರು ಮತ್ತೆ ಹಿಡಿಯುವುದೂ ಸಾಮಾನ್ಯ. ಆದ್ದರಿಂದ ರಾತ್ರಿಯ ಯೋಜನೆಯನ್ನು, ತಂದೆ ಚಿಕಿತ್ಸೆಗೆ ಸೇರಿದ ಮಾತ್ರಕ್ಕೆ, ಕೈಬಿಡಬೇಡಿ.

ಮಗುವಿನ ಮನೆಯ ಸ್ಥಿತಿಗತಿಯನ್ನು ಸಮಿತಿಗೆ ತಿಳಿಸುವ ಸಾಮಾಜಿಕ ತನಿಖಾ ವರದಿಗೆ ನಿಮಗಿರುವುದು 15 ದಿನ. ಅದರ ನಮೂನೆ 22ರಲ್ಲಿ ತಂದೆತಾಯಿಯ ಸಂಬಂಧ ಹೇಗಿದೆ ಎಂಬಲ್ಲಿ ‘ಸೌಹಾರ್ದಯುತ’, ‘ಸೌಹಾರ್ದಯುತವಲ್ಲ’, ‘ತಿಳಿದಿಲ್ಲ’ ಎಂಬ ಮೂರೇ ಆಯ್ಕೆಗಳಿವೆ. ಕುಡುಗೋಲು ಬೀಸಿದ ಮನೆಗೂ ಮಾತು ಬಿಟ್ಟ ಮನೆಗೂ ಅಲ್ಲಿ ಒಂದೇ ಗುರುತು. ಗುರುತು ಹಾಕಿ ಮುಂದೆ ಹೋಗದೆ, ನೋಡಿದ್ದನ್ನೂ ಕೇಳಿದ್ದನ್ನೂ, ಯಾರು ಹೇಳಿದರು ಎಂಬುದರ ಸಮೇತ, ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಇಷ್ಟು ಮಾಡಿದರೆ ಈ ಮನೆಯ ವಿಷಯದಲ್ಲಿ ನನ್ನ ಅಂದಾಜು, ಮಕ್ಕಳು ತಾಯಿಯ ಬಳಿಯೇ, ಮೇಲ್ವಿಚಾರಣೆಯೊಂದಿಗೆ ಉಳಿಯಬಹುದು ಎಂದು. ಆದರೆ ಆ ಮನೆಯನ್ನು ನೋಡಿದವರು ನೀವು.

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಬ್ಬ ಗೌರವಸ್ಥರ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯಿದ್ದಾಳೆ. “ಊರಿನಿಂದ ಬಂದ ಸಂಬಂಧಿಕರ ಮಗು, ಓದಿಸುತ್ತಿದ್ದೇವೆ” ಎನ್ನುತ್ತಾರೆ. ಅವಳು ಶಾಲೆಗೆ ಹೋಗಿದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಐದೂವರೆಗೆ ಅಂಗಳ ತೊಳೆಯುವುದನ್ನು ದಿನವೂ ನೋಡುತ್ತೇನೆ. ಅನುಮಾನ ತಪ್ಪಾದರೆ ನೆರೆಹೊರೆಯ ಸಂಬಂಧ ಹಾಳಾಗುತ್ತದೆಂಬ ಭಯ.

ಉತ್ತರ: 1098ಕ್ಕೆ ಕರೆ ಮಾಡಿ. ನಿಮ್ಮ ಹೆಸರನ್ನು ಆ ಮನೆಯವರಿಗೆ ತಿಳಿಸುವುದಿಲ್ಲ. ಅನುಮಾನವನ್ನು ಸಾಬೀತು ಮಾಡುವ ಹೊಣೆಯೂ ನಿಮ್ಮದಲ್ಲ, ಅದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ. ಆದ್ದರಿಂದ ನೀವಾಗಿಯೇ ಹುಡುಗಿಯನ್ನು ಕರೆದು ವಿಚಾರಿಸಲು, ಫೋಟೋ ತೆಗೆಯಲು ಹೋಗಬೇಡಿ. ಅದರ ಪೆಟ್ಟು ಮೊದಲು ಬೀಳುವುದು ಅವಳ ಮೇಲೆ. ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧವಾಗಿದೆ, 2016ರ ತಿದ್ದುಪಡಿಯ ನಂತರ 14 ತುಂಬದ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳುವಂತಿಲ್ಲ.

‘ಗೌರವಸ್ಥರ ಮನೆ’ ಎಂಬ ನಿಮ್ಮ ಮಾತು ನನಗೆ ಒಂದು ಹಳೆಯ ತಪ್ಪನ್ನು ನೆನಪಿಸಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮನೆ ಬಿಟ್ಟು ಓಡಿಹೋಗಿ ಸಿಕ್ಕಿದ್ದ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಅವನ ಚಿಕ್ಕಪ್ಪನ ಮನೆಗೆ ಒಪ್ಪಿಸಬಹುದೇ ಎಂದು ನೋಡಲು ಹೋಗಿದ್ದೆ. ಮೈಸೂರಿನ ಒಳ್ಳೆಯ ಬಡಾವಣೆ, ಮುಂದೆ ತುಳಸಿಕಟ್ಟೆ, ಒಳಗೆ ಗಾಜಿನ ಬೀರುವಿನಲ್ಲಿ ಪುಸ್ತಕಗಳು. ಹುಡುಗ ಸೋಫಾದ ತುದಿಯಲ್ಲಿ ಕೂತು ಹಾಲು ಕುಡಿಯುತ್ತಿದ್ದ. ಚಿಕ್ಕಪ್ಪನ ಎದುರಿಗೇ “ಇಲ್ಲಿ ಚೆನ್ನಾಗಿದ್ದೀಯಾ?” ಎಂದು ಕೇಳಿದೆ, “ಹೂಂ” ಎಂದ. ‘ಕುಟುಂಬದ ವಾತಾವರಣ ಉತ್ತಮ’ ಎಂದು ಬರೆದು ಬಂದೆ. ಮೂರು ವಾರದಲ್ಲಿ ಅವನು ಮತ್ತೆ ಓಡಿಹೋಗಿ ರೈಲು ನಿಲ್ದಾಣದಲ್ಲಿ ಸಿಕ್ಕಿದ, ನನಗೆ ಹೇಳದಿದ್ದುದನ್ನು ಅಲ್ಲಿ ಚಹಾ ಮಾರುವವರಿಗೆ ಹೇಳಿದ್ದ. ಬೆನ್ನಿನ ಮೇಲೆ ಬೆಲ್ಟಿನ ಬಾಸುಂಡೆಗಳಿದ್ದವು. ನಾನು ಆ ಮನೆಯಲ್ಲಿ ಬೀರುವಿನ ಪುಸ್ತಕಗಳ ಹೆಸರನ್ನು ಓದಿದ್ದೆ, ಅವನ ಅಂಗಿ ತೆಗೆಸಿ ವೈದ್ಯರಿಗೆ ತೋರಿಸಿರಲಿಲ್ಲ.

ಆದ್ದರಿಂದ ನಿಮ್ಮ ಪಕ್ಕದ ಮನೆಗೆ ಭೇಟಿ ಕೊಡುವ ಅಧಿಕಾರಿಗಳಿಗೂ ಇದನ್ನೇ ಹೇಳುತ್ತೇನೆ. ಆ ಹುಡುಗಿಯ ಹಾಸಿಗೆ ಎಲ್ಲಿದೆ, ಅವಳ ಬಟ್ಟೆಗಳು ಎಲ್ಲಿವೆ, ಶಾಲೆಯ ಹಾಜರಾತಿಯಲ್ಲಿ ಹೆಸರಿದೆಯೇ, ಊರಿನ ತಾಯಿಯೊಂದಿಗೆ ಒಬ್ಬಳೇ ಫೋನಿನಲ್ಲಿ ಮಾತಾಡಿ ಎಷ್ಟು ದಿನವಾಯಿತು ಎಂಬ ನಾಲ್ಕು ಸಂಗತಿ ತಿಳಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ನನಗೆ ಅರವತ್ತಮೂರು ವರ್ಷ, ಪಾಂಡವಪುರ ತಾಲೂಕು. ಅಳಿಯ ಅಪಘಾತದಲ್ಲಿ ಹೋದ, ಮರುವರ್ಷ ಮಗಳೂ ಹೋದಳು. ಮೊಮ್ಮಗಳನ್ನು ನಾನೇ ಸಾಕುತ್ತಿದ್ದೇನೆ. ಸಹಾಯಧನಕ್ಕೆ ಅರ್ಜಿ ಕೊಟ್ಟೆವು ಎಂದು ಇಬ್ಬರು ಬಂದು, ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿ, ಅಕ್ಕಪಕ್ಕದವರನ್ನು ಕರೆದು ನನ್ನ ಬಗ್ಗೆ ವಿಚಾರಿಸಿ ಹೋದರು. ಹೆತ್ತ ಮಗಳ ಕೂಸನ್ನು ಸಾಕಲು ನನಗೆ ಪರೀಕ್ಷೆ ಏಕೆ? (ಪತ್ರವನ್ನು ನೆರೆಯ ಹುಡುಗನ ಕೈಯಲ್ಲಿ ಬರೆಸಿದ್ದೇನೆ.)

ಉತ್ತರ: ಅಜ್ಜಿಯವರೇ, ಮುಚ್ಚಳ ತೆಗೆದು ನೋಡಿದ್ದು ತಪ್ಪು. ನಿಮ್ಮ ಒಪ್ಪಿಗೆಯಿಲ್ಲದೆ ಅಡುಗೆಮನೆಗೆ ಹೋಗಬಾರದಿತ್ತು. ಕೊಟ್ಟ ಚಹಾ ಕುಡಿದು, “ಬೆಳಿಗ್ಗೆ ಏನಮ್ಮ ಅಡುಗೆ?” ಎಂದು ಕೇಳಿ, ಮಗು ಉಣ್ಣುವ ಹೊತ್ತಿಗೆ ಅಲ್ಲಿದ್ದಿದ್ದರೆ ಡಬ್ಬಿಯೊಳಗಿನದಕ್ಕಿಂತ ಹೆಚ್ಚು ತಿಳಿಯುತ್ತಿತ್ತು. ಮುದ್ದೆ ಉಪ್ಸಾರಿನ ಮುಂದೆ ಕೂತ ಮಗು ಅಜ್ಜಿಯ ಕಡೆ ಕೈ ಚಾಚಿ ಇನ್ನೊಂದು ತುತ್ತು ಕೇಳುತ್ತದೆಯೋ, ಕೇಳಲು ಹೆದರುತ್ತದೆಯೋ ಎಂಬುದನ್ನು ನೋಡಲು ಕಣ್ಣು ಸಾಕು. ಅಕ್ಕಪಕ್ಕದವರನ್ನು ವಿಚಾರಿಸುವುದು ತನಿಖೆಯ ಭಾಗವೇ, ಆದರೆ ಅದನ್ನು ಬೀದಿಯಲ್ಲಿ ಗುಂಪು ಕೂಡಿಸಿ ಮಾಡುವಂತಿಲ್ಲ.

ಆದರೆ ಪರೀಕ್ಷೆಯೇ ಬೇಡ ಎಂಬ ಮಾತನ್ನು ನಾನು ಒಪ್ಪಲಾರೆ. ಎಲ್ಲ ಸಂಬಂಧಿಕರೂ ನಿಮ್ಮಂಥವರಲ್ಲ. ಲಂಡನ್ನಿನಲ್ಲಿ 2000ದ ಫೆಬ್ರವರಿಯಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ, ಚೆನ್ನಾಗಿ ಓದಿಸುತ್ತೇನೆಂದು ಹೆತ್ತವರಿಂದ ಕರೆತಂದಿದ್ದ, ಅಜ್ಜಿ ವರಸೆಯ ಸಂಬಂಧಿಯ ಬಳಿಯಲ್ಲೇ ಚಿತ್ರಹಿಂಸೆಗೆ ಸಿಕ್ಕಿ ಸತ್ತಳು. ಆಸ್ಪತ್ರೆಯವರು, ಪೊಲೀಸರು, ಸಮಾಜ ಕಾರ್ಯಕರ್ತರು ಎಲ್ಲರೂ ಅವಳನ್ನು ನೋಡಿದ್ದರು. ಅವಳನ್ನು ಬೇರೆಯಾಗಿ ಕೂರಿಸಿಕೊಂಡು ಸಾವಧಾನವಾಗಿ ಮಾತನಾಡಿಸಿದವರು ಇರಲಿಲ್ಲ. ಆ ಸಾವಿನ ವಿಚಾರಣೆ ನಡೆಸಿದ ಲಾರ್ಡ್ ಲ್ಯಾಮಿಂಗ್ ಅವರ 2003ರ ವರದಿಯಲ್ಲಿ 108 ಶಿಫಾರಸುಗಳಿದ್ದವು, ಬ್ರಿಟನ್ನಿನ ಮಕ್ಕಳ ರಕ್ಷಣೆಯ ವ್ಯವಸ್ಥೆಯೇ ಅದರಿಂದ ಬದಲಾಯಿತು. ಆ ಸಂಬಂಧಿ ತಾನೇ ಮಗುವಿನ ತಾಯಿ ಎಂದು ಹೇಳಿಕೊಂಡಿದ್ದಳು, ಅಧಿಕಾರಿಗಳು ಅದನ್ನೇ ನಂಬಿ ಸಮಾಧಾನಪಟ್ಟುಕೊಂಡಿದ್ದರು. ಹಾಗಾಗಿ ಬಂದವರು ನಿಮ್ಮ ಮೊಮ್ಮಗಳನ್ನು ಬೇರೆಯಾಗಿ ಮಾತನಾಡಿಸಬೇಕೆಂದರೆ ದಯವಿಟ್ಟು ಬೇಸರಿಸಬೇಡಿ. ಹಾಗೆ ಕೇಳದಿದ್ದರೆ ಅವರು ತಮ್ಮ ಕೆಲಸ ಮಾಡಿಲ್ಲವೆಂದು ತಿಳಿಯಿರಿ.

ಸಹಾಯಧನದ ವಿಷಯ: ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಂದೆತಾಯಿ ಇಲ್ಲದೆ ಸಂಬಂಧಿಕರ ಬಳಿ ಬೆಳೆಯುವ ಮಗು ಅದಕ್ಕೆ ಅರ್ಹ. ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000, ಬೇರೆಡೆ 96,000 ರೂಪಾಯಿ ಮೀರಿರಬಾರದು. ಇಬ್ಬರ ಮರಣ ಪ್ರಮಾಣಪತ್ರ, ಮಗುವಿನ ಶಾಲೆಯ ದೃಢೀಕರಣ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಸಿದ್ಧವಿಟ್ಟುಕೊಳ್ಳಿ. ನಿಮ್ಮ ವಯಸ್ಸನ್ನು ವರದಿಯಲ್ಲಿ ಕೊರತೆಯೆಂದು ಬರೆದಾರು. ನೀವು ಹಾಸಿಗೆ ಹಿಡಿದರೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಈಗಲೇ ಮನೆಯವರೊಂದಿಗೆ ಮಾತಾಡಿ, ಆ ಹೆಸರನ್ನು ನೀವೇ ಹೇಳಿಬಿಡಿ.

ಪ್ರಶ್ನೆ: ಶ್ರೀರಂಗಪಟ್ಟಣ ತಾಲೂಕಿನ ಪ್ರೌಢಶಾಲೆಯಲ್ಲಿ ಶಿಕ್ಷಕಿ ನಾನು. ನಮ್ಮ ಒಬ್ಬ ವಿದ್ಯಾರ್ಥಿನಿ, 15 ವರ್ಷ, ಒಂದು ತಿಂಗಳಿಂದ ಬಂದಿಲ್ಲ. ಮದುವೆ ಗೊತ್ತಾಗಿದೆಯಂತೆ. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರೆ ಬರುವುದು ರಾತ್ರಿ, “ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಮನೇಲಿರೋದು ಸೇಫಲ್ಲ” ಎನ್ನುತ್ತಾರೆ.

ಉತ್ತರ: ಮದುವೆಯ ಅಪಾಯ ಎದುರಿಗಿರುವ ಮಗು ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೇ. ಈ ದಿನವೇ 1098ಕ್ಕಾಗಲಿ, ಬಾಲ್ಯವಿವಾಹ ನಿಷೇಧಾಧಿಕಾರಿಗಾಗಲಿ ತಿಳಿಸಿ. ಕರ್ನಾಟಕದ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಇಷ್ಟು ತಮಗೂ ಗೊತ್ತಿರುತ್ತದೆ.

ನಾನು ಹೇಳಬೇಕಾದ್ದು ಮದುವೆ ತಡೆದ ಮಾರನೆಯ ದಿನದ ಮಾತು. ಆ ತಾಯಿ ಹೇಳಿದ ಭಯ ಸುಳ್ಳಲ್ಲ. ಪರಿಹಾರ ತಪ್ಪು ಎಂದ ಮಾತ್ರಕ್ಕೆ ಭಯವೂ ಸುಳ್ಳೆಂದು ಮುಚ್ಚಳಿಕೆ ಬರೆಸಿಕೊಂಡು ಬಂದರೆ, ಮುಂದಿನ ಬಾರಿ ಮದುವೆ ಬೇರೆ ಊರಿನಲ್ಲಿ, ಯಾರಿಗೂ ತಿಳಿಯದಂತೆ ಆಗುತ್ತದೆ. ಸಂಜೆ ನಾಲ್ಕರಿಂದ ರಾತ್ರಿ ಎಂಟರ ತನಕ ಆ ಹುಡುಗಿ ಎಲ್ಲಿರಬೇಕು? ವಿದ್ಯಾರ್ಥಿನಿಲಯಕ್ಕೆ ಸೇರಿಸುವುದೋ, ಅತ್ತೆಯೋ ಚಿಕ್ಕಮ್ಮನೋ ಇರುವ ಮನೆಯಲ್ಲಿ ಆ ನಾಲ್ಕು ಗಂಟೆ ಇರಿಸುವುದೋ, ತಾಯಿಯ ಪಾಳಿ ಬದಲಿಸುವುದೋ, ಹುಡುಗಿಯನ್ನೂ ಕೂರಿಸಿಕೊಂಡು ತೀರ್ಮಾನಿಸಿ. ಮನೆಯ ಸುತ್ತ ಯಾರಾದರೂ ಅವಳಿಗೆ ಕಾಟ ಕೊಡುತ್ತಿರುವುದರಿಂದಲೇ ತಾಯಿ ಹೀಗೆ ಹೆದರಿರಬಹುದೇ ಎಂಬುದನ್ನು ತಾಯಿಯೊಬ್ಬರನ್ನೇ ಕೇಳಿ. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ ಹುಡುಗಿಯನ್ನು ಮತ್ತೆ ಮತ್ತೆ ವಿಚಾರಿಸಬೇಡಿ, ಪೊಲೀಸರಿಗೆ ತಿಳಿಸಿ; ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಂತೆ ತಿಳಿದೂ ಸುಮ್ಮನಿರುವುದು ಅಪರಾಧ.

ಪ್ರಶ್ನೆ: ಮೈಸೂರಿನಲ್ಲಿ ಊದುಬತ್ತಿ ಹೊಸೆಯುವ ಕೆಲಸ ನನ್ನದು. ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಾಗ ನನ್ನ ಎರಡು ಗಂಡುಮಕ್ಕಳು ಬಸ್ ನಿಲ್ದಾಣದಲ್ಲಿ ಸಿಕ್ಕಿದರೆಂದು ಬಾಲಮಂದಿರಕ್ಕೆ ಸೇರಿಸಿದ್ದಾರೆ. ಈಗ ಐದು ತಿಂಗಳು. ನನಗೆ ಗುಣವಾಗಿದೆ. ಕೇಳಿದರೆ “ನಿನ್ನ ಮನೆ ಇನ್ನೂ ಸರಿಯಿಲ್ಲ” ಎನ್ನುತ್ತಾರೆ. ಏನು ಸರಿ ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ಉತ್ತರ: ತಾಯಿ, ನಿಮ್ಮ ಕೊನೆಯ ವಾಕ್ಯವೇ ನಿಮ್ಮ ಅರ್ಜಿಯಾಗಬೇಕು. ಮಕ್ಕಳನ್ನು ಮೊದಲ ಸಲ ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಮಕ್ಕಳ ಕಲ್ಯಾಣ ಸಮಿತಿ ಅಂತಿಮ ಆದೇಶ ಕೊಡಬೇಕೆಂದು ಕಾಯ್ದೆಯಲ್ಲಿದೆ. ಆದ್ದರಿಂದ ಸಮಿತಿಯ ಅಧ್ಯಕ್ಷರಿಗೆ ಒಂದು ಅರ್ಜಿ ಬರೆಯಿರಿ: ನನ್ನ ಮಕ್ಕಳ ವಿಷಯದಲ್ಲಿ ಆದೇಶವಾಗಿದೆಯೇ, ಆಗಿದ್ದರೆ ಪ್ರತಿ ಕೊಡಿ, ನನ್ನ ಮನೆಯಲ್ಲಿ ಏನು ಬದಲಾಗಬೇಕೆಂದು ಬರಹದಲ್ಲಿ ತಿಳಿಸಿ. ‘ಮನೆ ಸರಿಯಿಲ್ಲ’ ಎಂಬುದು ಬಾಡಿಗೆ ಕೋಣೆ ಚಿಕ್ಕದು ಎಂಬ ಅರ್ಥದಲ್ಲಾದರೆ ಮಕ್ಕಳನ್ನು ತಡೆದಿಡಲು ಅದು ಸಾಲದು. ನೀವು ಮತ್ತೆ ಆಸ್ಪತ್ರೆ ಸೇರಿದರೆ ಮಕ್ಕಳು ಮತ್ತೆ ಬಸ್ ನಿಲ್ದಾಣಕ್ಕೆ ಹೋದಾರು ಎಂಬ ಅರ್ಥದಲ್ಲಾದರೆ ಅದು ನ್ಯಾಯವಾದ ಚಿಂತೆ, ಅದಕ್ಕೆ ನಿಮ್ಮಲ್ಲಿ ಉತ್ತರ ಇರಬೇಕು. ಚಿಕಿತ್ಸೆ ಮುಗಿದ ಅಥವಾ ಮುಂದುವರಿದಿರುವ ಬಗ್ಗೆ ವೈದ್ಯರ ಪತ್ರ, ನಿಮಗೆ ಹುಷಾರು ತಪ್ಪಿದರೆ ಮಕ್ಕಳನ್ನು ಇರಿಸಿಕೊಳ್ಳುವವರ ಹೆಸರು ಮತ್ತು ಅವರ ಒಪ್ಪಿಗೆಯ ಸಹಿ, ಮಕ್ಕಳು ಸೇರುವ ಶಾಲೆಯ ವಿವರ, ಈ ಮೂರನ್ನು ಅರ್ಜಿಗೆ ಲಗತ್ತಿಸಿ. ಸಂದೇಹವಿದ್ದರೆ ಮೇಲ್ವಿಚಾರಣೆಯ ಷರತ್ತಿನ ಮೇಲಾದರೂ ಮಕ್ಕಳನ್ನು ಕಳುಹಿಸಿ ಎಂದು ಕೇಳಿ. ಹಾಗೆ ಒಪ್ಪಿಸಲು ಸಮಿತಿಗೆ 37ನೇ ಕಲಮಿನಲ್ಲಿ ಅಧಿಕಾರವಿದೆ.

ಬರೆಯಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ, ಅವರ ಸಹಾಯವಾಣಿ 15100. ಆದೇಶ ನಿಮಗೆ ವಿರುದ್ಧವಾಗಿ ಬಂದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಗೆ ಉತ್ತರವೇ ಬಾರದಿದ್ದರೆ ಜಿಲ್ಲಾಧಿಕಾರಿಗಳಿಗೆ ದೂರು ಕೊಡಬಹುದು. ಅರ್ಜಿಯನ್ನು ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಭೇಟಿಯ ದಿನವನ್ನು ಒಂದೂ ತಪ್ಪಿಸಬೇಡಿ, ಹೋದಾಗ ಪುಸ್ತಕದಲ್ಲಿ ಸಹಿ ಮಾಡಿ ಬನ್ನಿ. ಮಕ್ಕಳಿಗಾಗಿ ನೀವು ಎಷ್ಟು ಸಲ ಬಂದಿರಿ ಎಂಬುದು ನಾಳೆ ಸಮಿತಿಯ ಮುಂದೆ ಆ ಪುಸ್ತಕದಿಂದಲೇ ತಿಳಿಯಬೇಕು.